‘ಅಜೇಯ’ ಅಂದಿದ್ದು ಯಾರು? ವಕ್ಕಲೇರಿ ತಾಮ್ರಪಟವನ್ನು ಪಕ್ಕಕ್ಕಿಟ್ಟುಕೊಂಡು ಇತಿಹಾಸದ ಪುಸ್ತಕ ಓದುವುದು

ಹೋದ ವರ್ಷ ಕೋಲಾರ ತಾಲ್ಲೂಕಿನ ವಕ್ಕಲೇರಿಗೆ ಒಂದು ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿ ಏಳೋ ತನಕ ಶಾಮಿಯಾನದ ಹೊರಗೆ ಕೂತಿದ್ದಾಗ ಅಕ್ಕನ ಮಗ ಬಂದು ಪಕ್ಕದಲ್ಲಿ ಕೂತ. ಡಿಪ್ಲೊಮಾ ಎರಡನೇ ವರ್ಷದ ಹುಡುಗ. ಕಪ್ಪು ಟೀ ಶರ್ಟ್, ಎದೆ ಮೇಲೆ ಹಳದಿ-ಕೆಂಪು ಅಕ್ಷರದಲ್ಲಿ ‘ಕರ್ನಾಟ ಬಲ ಅಜೇಯಂ’. ಫೋನ್ ತೆಗೆದು ಒಂದು ರೀಲ್ ತೋರಿಸಿದ.

“ಮಾಮ, ನಮ್ಮೂರು ಚಾಲುಕ್ಯರದ್ದು, ಗೊತ್ತಾ? ಇಲ್ಲೇ ತಾಮ್ರದ ಶಾಸನ ಸಿಕ್ಕಿದೆ. ಅದರಲ್ಲಿ ಕಂಚಿ ಗೆದ್ದಿದ್ದೆಲ್ಲ ಬರ್ದಿದಾರೆ. ತಮಿಳರು ಸುಮ್ಮನೆ ಕೋಲಾರ ನಮ್ದು ಅಂತಾರೆ.”

ಶಾಸನ ಸಿಕ್ಕಿರೋದು ನಿಜ. ಕಂಚಿಯ ಮಾತು ಅದರಲ್ಲಿ ಇರೋದೂ ನಿಜ. ಆದರೆ ಈ ಎರಡು ನಿಜಗಳಿಂದ ಅವನು ತಲುಪಿದ ಜಾಗ ಮಾತ್ರ ತಪ್ಪು. ಅವನನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ನಾನೂ ಎಂಜಿನಿಯರಿಂಗ್ ಓದಿದವನು. ಇತಿಹಾಸ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಬಸ್ಸಲ್ಲಿ ಓದಿದ ದಪ್ಪ ದಪ್ಪ ಜನಪ್ರಿಯ ಪುಸ್ತಕಗಳಿಂದ. ಅದೇ ಧೈರ್ಯದಲ್ಲಿ ಕೆಲವು ವರ್ಷದ ಹಿಂದೆ, ಬಾದಾಮಿ ಚಾಲುಕ್ಯರ ಆಳ್ವಿಕೆ 753ಕ್ಕೆ ಮುಗಿಯಿತು ಅಂತ ಅಂಕಣದಲ್ಲಿ ಬರೆದಿದ್ದೆ. ಒಬ್ಬ ಓದುಗರು ಒಂದೇ ಸಾಲಿನ ಮೇಲ್ ಹಾಕಿದರು: ಹಾಗಾದರೆ ವಕ್ಕಲೇರಿ ತಾಮ್ರಪಟವನ್ನು 757ರಲ್ಲಿ ಹೊರಡಿಸಿದ್ದು ಯಾರು?

ನನ್ನ ಹತ್ತಿರ ಉತ್ತರ ಇರಲಿಲ್ಲ. ನೆಂಟರ ಊರಿನ ಶಾಸನವನ್ನೇ ನಾನು ಓದಿರಲಿಲ್ಲ. ಈ ಲೇಖನ ಆ ಮೇಲ್‌ಗೆ ತಡವಾಗಿ ಕೊಡುತ್ತಿರುವ ಉತ್ತರ. ನಾಡಿನ, ದೇಶದ ಹಳೇ ಕಥೆ ಹೇಳುವ ಪುಸ್ತಕಗಳನ್ನು ಹೇಗೆ ಓದಬೇಕು ಅನ್ನೋದಕ್ಕೆ ಈ ತಾಮ್ರಪಟಕ್ಕಿಂತ ಒಳ್ಳೇ ಕೈಪಿಡಿ ನನಗೆ ಸಿಕ್ಕಿಲ್ಲ.

ತಾಮ್ರಪಟದಲ್ಲಿ ಇರೋದೇನು?

ಕಾಲ ಶಕ 679, ಅಂದರೆ 757ನೇ ಇಸವಿ. ಹೊರಡಿಸಿದವನು ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮ, ತನ್ನ ಆಳ್ವಿಕೆಯ 11ನೇ ವರ್ಷದಲ್ಲಿ. ಹೊರಡಿಸಿದ ಜಾಗ ಬಾದಾಮಿಯ ಅರಮನೆ ಅಲ್ಲ, ಭೀಮಾ ನದಿ ದಡದ ಒಂದು ಬೀಡು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಬಿ.ಎಲ್. ರೈಸ್ ಇದನ್ನು 19ನೇ ಶತಮಾನದಲ್ಲೇ ಬೆಳಕಿಗೆ ತಂದರು. ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಪರಿಷ್ಕರಿಸಿದರು.

ಸಾರಾಂಶ ಇಷ್ಟು: ದೋಸಿರಾಜ ಎಂಬವನ ಕೋರಿಕೆ ಮೇರೆಗೆ ಮಾಧವಶರ್ಮ ಎಂಬ ಬ್ರಾಹ್ಮಣನಿಗೆ ಪಾನುಂಗಲ್ ವಿಷಯದ ಸುಳ್ಳಿಯೂರು ಎಂಬ ಹಳ್ಳಿಯ ದಾನ. ಪಾನುಂಗಲ್ ಅಂದರೆ ಇವತ್ತಿನ ಹಾವೇರಿ ಜಿಲ್ಲೆಯ ಹಾನಗಲ್. ವಕ್ಕಲೇರಿಯಿಂದ ಅಲ್ಲಿಗೆ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು.

ಅಂದರೆ ವಕ್ಕಲೇರಿ ತಾಮ್ರಪಟದ ದಾನಕ್ಕೂ ವಕ್ಕಲೇರಿಗೂ ಸಂಬಂಧ ಇಲ್ಲ. ಕಲ್ಲಿನ ಶಾಸನ ನೆಟ್ಟ ಕಡೆ ನಿಂತಿರುತ್ತದೆ. ತಾಮ್ರಪಟ ಹಾಗಲ್ಲ, ಅದು ಮನೆತನದ ಆಸ್ತಿಪತ್ರ. ಕುಟುಂಬ ಗುಳೆ ಹೋದರೆ ಪತ್ರವೂ ಹೋಗುತ್ತದೆ. ಇದೂ ಹಾಗೇ ಯಾರದೋ ಜೊತೆ ಕೋಲಾರದ ಕಡೆ ಬಂದಿರಬೇಕು. 757ರ ಹೊತ್ತಿಗೆ ಈ ಸೀಮೆಯಲ್ಲಿ ಆಳುತ್ತಿದ್ದವರು ಗಂಗರು, ದೊರೆ ಶ್ರೀಪುರುಷ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರು ಅಂತ ಕರೆದುಕೊಂಡವರು. ಕುವಳಾಲ ಅಂದರೆ ಕೋಲಾರ. ರೀಲ್ ಮಾಡಿದವರಿಗೆ ಶಾಸನ ಸಿಕ್ಕಿದ ಜಾಗವೂ ಶಾಸನ ಹೇಳುವ ಜಾಗವೂ ಒಂದೇ ಅನ್ನಿಸಿತ್ತು.

ಟೆಂಪ್ಲೇಟಿನಲ್ಲಿ ಬಂದ ಇತಿಹಾಸ

ಒಂದು ಹಳ್ಳಿಯ ದಾನಪತ್ರದಲ್ಲಿ ಕಂಚಿ ಯುದ್ಧ ಯಾಕೆ ಬಂತು? ಆ ಕಾಲದ ದಾನಪತ್ರಕ್ಕೆ ಎರಡು ಭಾಗ. ಮೊದಲರ್ಧ ದೊರೆಯ ವಂಶದ ಹೊಗಳಿಕೆ, ಕೊನೆಗೆ ಯಾರಿಗೆ ಯಾವ ಊರು ಅನ್ನುವ ವ್ಯವಹಾರ. ಇಂಥ ಪತ್ರದ ಒಕ್ಕಣೆ ಬರೆಯುವ ಕೆಲಸ ಸಾಮಾನ್ಯವಾಗಿ ಸಂಧಿವಿಗ್ರಹಿಯದ್ದು, ಅಂದರೆ ಯುದ್ಧ ಮತ್ತು ಸಂಧಿ ನೋಡಿಕೊಳ್ಳುವ ಅಧಿಕಾರಿಯದ್ದು. ಇವತ್ತಿನ ಲೆಕ್ಕದಲ್ಲಿ ವಿದೇಶಾಂಗ ಇಲಾಖೆಯ ಪತ್ರಿಕಾ ಪ್ರಕಟಣೆ ಅನ್ನಿ.

ಇದೇ ಕೀರ್ತಿವರ್ಮ 750ರಲ್ಲಿ ಹೊರಡಿಸಿದ ಕೆಂದೂರು ತಾಮ್ರಪಟ ಇದೆ. ಅದರ ಹೊಗಳಿಕೆಯ ಭಾಗವನ್ನೂ ವಕ್ಕಲೇರಿಯದ್ದನ್ನೂ ಪಕ್ಕಪಕ್ಕ ಇಟ್ಟರೆ ಬಹುಪಾಲು ಒಂದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಾಪಿ-ಪೇಸ್ಟ್: ಹೊಸ ದೊರೆ ಬಂದಾಗ ಒಂದು ಪ್ಯಾರಾ ಸೇರಿಸು, ಕೊನೆಗೆ ಊರು, ತಿಥಿ ಬದಲಿಸು.

ಇದು ಯಾಕೆ ಮುಖ್ಯ? ಪುಸ್ತಕದಲ್ಲಿ ಎಷ್ಟೋ ಸಲ ‘ಹಲವು ಶಾಸನಗಳು ಹೀಗೆ ಹೇಳುತ್ತವೆ’ ಅಂತ ಓದುತ್ತೇವೆ. ಹತ್ತು ಶಾಸನ ಹೇಳಿವೆ ಅಂದರೆ ಹತ್ತು ಸಾಕ್ಷಿ ಅಲ್ಲ. ಒಂದೇ ಕಚೇರಿಯ ಒಂದೇ ಕರಡಿನ ಹತ್ತು ಪ್ರತಿ ಆಗಿರಬಹುದು. ಒಂದು ಫಾರ್ವರ್ಡ್ ಐವತ್ತು ಗುಂಪಿನಲ್ಲಿ ಬಂದ ಮಾತ್ರಕ್ಕೆ ಅದು ಐವತ್ತು ಸಲ ನಿಜ ಆಗೋದಿಲ್ಲ, ಅಲ್ವಾ?

ಕಂಚಿ: ಒಂದೇ ಪ್ಯಾರಾ, ಎರಡು ಪಕ್ಷ

ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ನಂದಿವರ್ಮನನ್ನು ಸೋಲಿಸಿ ಕಂಚಿ ಹೊಕ್ಕ. ಊರನ್ನು ಹಾಳುಮಾಡಲಿಲ್ಲ. ರಾಜಸಿಂಹೇಶ್ವರ ಮೊದಲಾದ ಕಲ್ಲಿನ ಗುಡಿಗಳಿಗೆ ರಾಶಿ ಚಿನ್ನವನ್ನು ಮರಳಿ ಕೊಟ್ಟ. ಇದು ತಾಮ್ರಪಟದ ಮಾತು. ನಮ್ಮ ರಾಜರು ಗೆದ್ದ ಊರಿನ ಗುಡಿ ಮುಟ್ಟುತ್ತಿರಲಿಲ್ಲ ಅಂತ ವಾದಿಸುವ ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ಸಾಲು ಸಿಗಲಿಕ್ಕಿಲ್ಲ.

ಆದರೆ ಅದೇ ಭಾಗದಲ್ಲಿ ಇನ್ನೊಂದು ಪಟ್ಟಿ ಇದೆ. ಪಲ್ಲವರ ರಣವಾದ್ಯಗಳು, ಖಟ್ವಾಂಗದ ಬಾವುಟ, ಆನೆಗಳು, ಮಾಣಿಕ್ಯದ ರಾಶಿ, ಇವನ್ನೆಲ್ಲ ಗೆದ್ದು ತಂದ ಅಂತ. ರಾಜರೆಲ್ಲ ಲೂಟಿಕೋರರೇ ಅನ್ನುವ ಪುಸ್ತಕಕ್ಕೆ ಈ ಪಟ್ಟಿ ಸಾಕು. ಎರಡೂ ಕಡೆಯವರು ತಮಗೆ ಬೇಕಾದ ಅರ್ಧ ಕತ್ತರಿಸಿಕೊಂಡು ಹೋಗುತ್ತಾರೆ. ಬರೆಸಿದವನಿಗೆ ಎರಡೂ ಹೆಮ್ಮೆಯ ವಿಷಯವೇ ಆಗಿತ್ತು. ಇನ್ನೊಂದು ಮಾತು: ಎಲ್ಲರೂ ಮಾಡುವ ಕೆಲಸವನ್ನು ಯಾರೂ ಡಂಗುರ ಸಾರುವುದಿಲ್ಲ. ಊರು ಹಾಳುಮಾಡಲಿಲ್ಲ ಅಂತ ಒತ್ತಿ ಬರೆಸಿದ್ದೇ, ಗೆದ್ದವರು ಹಾಳುಮಾಡುವುದು ಆಗ ನಂಬಲಾಗದ ಸಂಗತಿ ಆಗಿರಲಿಲ್ಲ ಅಂತ ತೋರಿಸುತ್ತದೆ.

ಹಾಗಾದರೆ ಇದನ್ನು ನಂಬೋದಾ ಬೇಡವಾ? ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಕಂಚಿಯ ರಾಜಸಿಂಹೇಶ್ವರ, ಅಂದರೆ ಇವತ್ತಿನ ಕೈಲಾಸನಾಥ ಗುಡಿಯ ಕಂಬವೊಂದರಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನ ಈಗಲೂ ಇದೆ. ಗುಡಿಯ ಸಂಪತ್ತನ್ನು ನೋಡಿ ಮತ್ತೆ ದೇವರಿಗೇ ಬಿಟ್ಟ ಅನ್ನೋದು ಅದರ ತಾತ್ಪರ್ಯ. ಇತ್ತ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು, ಗಂಡ ಮೂರು ಸಲ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು ಅಂತ ಅಲ್ಲಿನ ಶಾಸನ ಹೇಳುತ್ತದೆ. ಇವೂ ಗೆದ್ದವರ ಕಡೆಯವೇ, ನಿಜ. ಆದರೆ ಒಂದು ಶಾಸನ ಸೋತವರ ಊರಲ್ಲಿ, ಅವರದೇ ಗುಡಿಯಲ್ಲಿ, ಚಾಲುಕ್ಯರು ಹೋದ ಮೇಲೂ ಅಳಿಸದೆ ಉಳಿದಿದೆ. ಟೆಂಪ್ಲೇಟಿನಿಂದ ಹೊರಗಿರುವ ಇಂಥ ಸಾಕ್ಷಿಗೇ ತೂಕ ಜಾಸ್ತಿ.

ಹರ್ಷನ ಸೋಲು: ಕಥೆ ಬೆಳೆಯುವ ರೀತಿ

ವಕ್ಕಲೇರಿಯ ಹೊಗಳಿಕೆಯಲ್ಲಿ ಇಮ್ಮಡಿ ಪುಲಕೇಶಿಯೂ ಬರುತ್ತಾನೆ. ಉತ್ತರಾಪಥದ ಒಡೆಯ ಹರ್ಷವರ್ಧನನನ್ನು ಸೋಲಿಸಿ ‘ಪರಮೇಶ್ವರ’ ಎಂಬ ಬಿರುದು ಪಡೆದ ಅಂತ. ಶಾಲೆಯಲ್ಲಿ ನಾವೆಲ್ಲ ಓದಿದ್ದೂ ಹೆಚ್ಚುಕಡಿಮೆ ಹೀಗೇ.

ಈಗ ಪುಲಕೇಶಿಯ ಸ್ವಂತ ಹೈದರಾಬಾದ್ ತಾಮ್ರಪಟ ನೋಡಿ. ಅದು 612ರದ್ದು. ಅದರಲ್ಲಿ ಪರಮೇಶ್ವರ ಎಂಬ ಹೆಸರು ಆಗಲೇ ಇದೆ. ಆದರೆ ಅದು ಬಂದದ್ದು ನೂರಾರು ಕಾಳಗ ಮಾಡಿದ ಶತ್ರುರಾಜರನ್ನು ಸೋಲಿಸಿದ್ದಕ್ಕೆ. ಹರ್ಷನ ಹೆಸರೇ ಇಲ್ಲ. ಹರ್ಷನ ಯುದ್ಧ ಯಾವಾಗ ಆಯಿತು? ಬಹಳ ಕಾಲ ಪುಸ್ತಕಗಳು 630ರಿಂದ 634ರ ನಡುವೆ ಅನ್ನುತ್ತಿದ್ದವು. ಯಾಕೆಂದರೆ 634ರಲ್ಲಿ ರವಿಕೀರ್ತಿ ಬರೆದ ಐಹೊಳೆ ಶಾಸನದಲ್ಲಿ ಅದರ ಉಲ್ಲೇಖ ಇದೆ. 2016ರಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಪುಲಕೇಶಿಯ ಇನ್ನೊಂದು ತಾಮ್ರಪಟ ಓದಿ ಪ್ರಕಟಿಸಿದರು. ಅದು 619ರದ್ದು, ಹರ್ಷನ ಸೋಲು ಅದರಲ್ಲೇ ಇದೆ. ಅಂದರೆ ಯುದ್ಧ ಒಂದು ದಶಕಕ್ಕೂ ಹಿಂದೆ, 618-19ರ ಸುಮಾರಿಗೆ ಹೋಯಿತು.

ಹಾಗಾಗಿ ಗೆಲುವು ನಿಜ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಹರ್ಷನಿಗೆ ಪುಲಕೇಶಿಯನ್ನು ಬಗ್ಗಿಸಲಾಗಲಿಲ್ಲ ಅಂತ ಬರೆದಿದ್ದಾನೆ, ಮತ್ತು ಅವನು ಹರ್ಷನ ಆಪ್ತ, ಪುಲಕೇಶಿಯ ಹೊಗಳುಭಟ್ಟ ಅಲ್ಲ. ಬಿರುದಿನ ಕಥೆ ಮಾತ್ರ ಆಮೇಲೆ ಸೇರಿದ್ದು. ಮೊಮ್ಮಕ್ಕಳ ಕಾಲಕ್ಕೆ ಹೆಸರಿಲ್ಲದ ಶತ್ರುರಾಜರ ಜಾಗದಲ್ಲಿ ದೇಶಕ್ಕೆಲ್ಲ ಗೊತ್ತಿದ್ದ ಒಂದೇ ಹೆಸರು ಬಂದು ಕೂತಿತು. ಯಾರೋ ಕೂತು ಸುಳ್ಳು ಹೆಣೆದರು ಅನ್ನಬೇಕಿಲ್ಲ. ನಮ್ಮ ಮನೆಗಳಲ್ಲೂ ತಾತನ ಸಾಹಸ ಹೇಳುವಾಗ ಹೀಗೇ ತಾನೇ ಆಗೋದು?

ಬರೆಯದೇ ಬಿಟ್ಟಿದ್ದು

ಇನ್ನು ನನ್ನ 753ರ ತಪ್ಪು. ಆ ವರ್ಷ ಬಂದದ್ದು ರಾಷ್ಟ್ರಕೂಟ ದಂತಿದುರ್ಗನ ಸಾಮನಗಡ ತಾಮ್ರಪಟದಿಂದ. ಅದರ ಕಾಲ ಶಕ 675, ಅಂದರೆ 753-54. ವಲ್ಲಭನನ್ನು, ಅಂದರೆ ಚಾಲುಕ್ಯ ದೊರೆಯನ್ನು ಸೋಲಿಸಿ ತಾನೇ ಅಧಿರಾಜನಾದೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಪಠ್ಯಪುಸ್ತಕಗಳು ಅಲ್ಲಿಗೆ ಒಂದು ಗೆರೆ ಎಳೆದವು: ಈ ಕಡೆ ಚಾಲುಕ್ಯರು, ಆ ಕಡೆ ರಾಷ್ಟ್ರಕೂಟರು.

ಆದರೆ ನಾಲ್ಕು ವರ್ಷದ ಮೇಲೆ, 757ರಲ್ಲಿ, ಸೋತ ಕೀರ್ತಿವರ್ಮ ಭೀಮಾ ದಡದಲ್ಲಿ ಬೀಡು ಬಿಟ್ಟಿದ್ದಾನೆ. ಹಾನಗಲ್ ಸೀಮೆಯ ಹಳ್ಳಿ ದಾನ ಕೊಡುತ್ತಿದ್ದಾನೆ. ಬಿರುದುಗಳಲ್ಲಿ ಒಂದೂ ಕಡಿಮೆ ಆಗಿಲ್ಲ, ಮಹಾರಾಜಾಧಿರಾಜ, ಪರಮೇಶ್ವರ. ದಂತಿದುರ್ಗನ ಹೆಸರೇ ಇಲ್ಲ. ಅವನ ತಾಮ್ರಪಟ ಮಾತ್ರ ಓದಿದವರಿಗೆ ರಾಜ್ಯಕ್ಕೆ ಪೆಟ್ಟು ಬಿದ್ದಿದೆ ಅನ್ನುವ ಸುಳಿವೂ ಸಿಗುವುದಿಲ್ಲ. ಸಾಮನಗಡದ್ದು ಮಾತ್ರ ಓದಿದವರಿಗೆ ಕೀರ್ತಿವರ್ಮ ಇನ್ನೂ ಇದ್ದಾನೆ ಅಂತ ಗೊತ್ತಾಗುವುದಿಲ್ಲ. ಆಮೇಲಿನ ರಾಷ್ಟ್ರಕೂಟ ಶಾಸನವೊಂದು, ದಂತಿದುರ್ಗನ ಚಿಕ್ಕಪ್ಪ ಕೃಷ್ಣ ಮಹಾವರಾಹವನ್ನು ಜಿಂಕೆಯ ಹಾಗೆ ಓಡಿಸಿದ ಅನ್ನುತ್ತದೆ. ವರಾಹ ಚಾಲುಕ್ಯರ ಲಾಂಛನ. ಅಂದರೆ ಕೆಲಸ ಮುಗಿಸಿದ್ದು ಕೃಷ್ಣ. ಒಂದು ಸಾಮ್ರಾಜ್ಯ ಸ್ವಿಚ್ ಆಫ್ ಮಾಡಿದ ಹಾಗೆ ಒಂದೇ ದಿನ ಮುಗಿಯಲಿಲ್ಲ, ವರ್ಷಗಟ್ಟಲೆ ಎಳೆದಾಡಿತು. ಆ ನಡುವಿನ ವರ್ಷಗಳಲ್ಲಿ ಹಾನಗಲ್ ಸೀಮೆಯ ರೈತ ಕಂದಾಯ ಯಾರಿಗೆ ಕಟ್ಟುತ್ತಿದ್ದ? ಇಬ್ಬರ ತಾಮ್ರಪಟಕ್ಕೂ ಆ ಪ್ರಶ್ನೆ ಬೇಕಿರಲಿಲ್ಲ.

ಹಾಗಾದರೆ ಜನಪ್ರಿಯ ಪುಸ್ತಕ ಬೇಡವೇ?

ಬೇಕು. ಕರ್ನಾಟಕ ಅನ್ನುವ ರಾಜ್ಯ ಹುಟ್ಟಿದ್ದರಲ್ಲೇ ಒಂದು ಜನಪ್ರಿಯ ಇತಿಹಾಸದ ಪಾಲಿದೆ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಆಗ ಕನ್ನಡಿಗರು ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ಇದು ನಿಮ್ಮ ಮನೆಯ ಕಥೆ ಅಂತ ಆ ಪುಸ್ತಕ ಹೇಳಿತು. 1956ರ ಏಕೀಕರಣದ ಹಿಂದೆ ಆ ಓದು ಇದೆ. ನೆಹರೂ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದು 1946ರಲ್ಲಿ ಹೊರಬಂದ ‘ಡಿಸ್ಕವರಿ ಆಫ್ ಇಂಡಿಯಾ’ ಇಡೀ ದೇಶಕ್ಕೆ ಇದೇ ಬಗೆಯ ಕೆಲಸ ಮಾಡಿತು. ಇಬ್ಬರೂ ಒಂದು ಕಟ್ಟಡ ಕಟ್ಟಬೇಕೆಂದು ಬರೆದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಕಟ್ಟುವವರು ತಮಗೆ ಹೊಂದುವ ಕಲ್ಲು ಆರಿಸುತ್ತಾರೆ. ಬಿಟ್ಟ ಕಲ್ಲು ಯಾವುದು ಅಂತ ನೋಡುವುದು ಓದುಗರ ಕೆಲಸ.

ಬಿಟ್ಟ ಕಲ್ಲು ಪಕ್ಕದ ಮನೆಯ ಗೋಡೆಯಲ್ಲಿ ಇರಬಹುದು. ಕಲ್ಕಿಯವರ ‘ಶಿವಕಾಮಿಯಿನ್ ಶಪಥಂ’ 1940ರ ದಶಕದಲ್ಲಿ ಧಾರಾವಾಹಿಯಾಗಿ ಬಂದ ತಮಿಳು ಕಾದಂಬರಿ. ಅದರಲ್ಲಿ ಪಲ್ಲವ ನರಸಿಂಹವರ್ಮ ನಾಯಕ, ನಮ್ಮ ಪುಲಕೇಶಿ ಎದುರಾಳಿ. 1967ರಲ್ಲಿ ರಾಜ್‌ಕುಮಾರ್ ‘ಇಮ್ಮಡಿ ಪುಲಕೇಶಿ’ ಆದಾಗ ನಾಯಕ ಯಾರು ಅಂತ ಹೇಳಬೇಕಿಲ್ಲ. ನರಸಿಂಹವರ್ಮ ಬಾದಾಮಿ ಗೆದ್ದದ್ದಕ್ಕೆ ಬಾದಾಮಿಯ ಬಂಡೆಯ ಮೇಲೇ ಅವನ ಶಾಸನ ಇದೆ. ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ ಕಂಚಿಯಲ್ಲಿ ಶಾಸನ ಇದೆ. ಒಬ್ಬರ ಗೆಲುವಿನ ಗುರುತು ಇನ್ನೊಬ್ಬರ ಅಂಗಳದಲ್ಲಿದೆ. ಕೋಲಾರ ಜಿಲ್ಲೆಯಲ್ಲಂತೂ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳುತ್ತದೆ. ಕೆಜಿಎಫ್‌ನ ಹುಡುಗಿಯೊಬ್ಬಳು ಕಲ್ಕಿ ಓದಿ, ವಕ್ಕಲೇರಿಯ ಹುಡುಗ ರೀಲ್ ನೋಡಿ, ಇಬ್ಬರೂ ಒಂದೇ ಕಾಲೇಜಿನ ಕ್ಯಾಂಟೀನಿನಲ್ಲಿ ಕೂತರೆ ಏನಾಗುತ್ತದೆ? ಜಗಳ ಆಗಬಹುದು, ಒಳ್ಳೇ ಮಾತುಕತೆಯೂ ಆಗಬಹುದು. ಅದು ಇಬ್ಬರೂ ಹೇಗೆ ಓದಿದ್ದಾರೆ ಅನ್ನೋದರ ಮೇಲಿದೆ.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕೊಡಗಿನ ಕೊನೆಯ ಅರಸನ ಮೇಲೆ ‘ಚಿಕವೀರ ರಾಜೇಂದ್ರ’ ಬರೆದರು. ಅದನ್ನು ಕಾದಂಬರಿ ಅಂತಲೇ ಕರೆದರು. ಕಾದಂಬರಿ ಅಂತ ಗೊತ್ತಿದ್ದರೆ ಓದುಗ ಒಂದು ಎಚ್ಚರ ಇಟ್ಟುಕೊಂಡೇ ಓದುತ್ತಾನೆ. ತೊಂದರೆ ಇರೋದು ಕಾದಂಬರಿಯ ಹಾಗೆ ಬರೆದು ಇತಿಹಾಸ ಅಂತ ಮಾರುವ ಕಡೆ.

ಓದುವಾಗ ಕೇಳಬೇಕಾದ ಐದು ಪ್ರಶ್ನೆ

1. ಈ ವಾಕ್ಯ ಎಲ್ಲಿಂದ ಬಂತು? ಒಂದು ದೊಡ್ಡ ಮಾತು ಬಂದಾಗ ಪುಸ್ತಕದ ಹಿಂಭಾಗ ತಿರುಗಿಸಿ. ಶಾಸನದ ಹೆಸರು, ಸಂಪುಟ, ಪುಟ ಇದೆಯಾ? ಬರೀ ‘ಇತಿಹಾಸಕಾರರು ಹೇಳುತ್ತಾರೆ’ ಅಂತಿದ್ದರೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ.

2. ಬರೆಸಿದ್ದು ಯಾರು, ಯಾತಕ್ಕೆ? ದಾನಪತ್ರದ ಕೊನೆಯ ಭಾಗ ಕಾನೂನು, ಅಲ್ಲಿ ಊರು ತಪ್ಪಿದರೆ ತಕರಾರು ಬರುತ್ತದೆ. ಮೊದಲ ಭಾಗ ಹೊಗಳಿಕೆ. ಎರಡಕ್ಕೂ ಒಂದೇ ತೂಕ ಕೊಡಬೇಡಿ.

3. ಸೋತವರು ಏನಂದರು? ಏನೂ ಅಂದಿಲ್ಲ ಅಂದರೆ ಅದನ್ನೂ ಲೇಖಕರು ಹೇಳಿದ್ದಾರಾ?

4. ಪುಸ್ತಕ ಯಾವ ವರ್ಷದ್ದು? 2016ಕ್ಕೆ ಮುಂಚಿನ ಒಳ್ಳೇ ಪುಸ್ತಕದಲ್ಲೂ ಹರ್ಷನ ಯುದ್ಧದ ಕಾಲ ಬೇರೆ ಇರುತ್ತದೆ. ಅದು ಲೇಖಕರ ತಪ್ಪಲ್ಲ. ಇವತ್ತು ಅದನ್ನೇ ನಕಲು ಮಾಡಿದರೆ ತಪ್ಪು.

5. ಇವತ್ತಿನ ಯಾವ ಜಗಳಕ್ಕೆ ಈ ಸಾಲು ಬೇಕಾಗಿದೆ? ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಅವು ಚೋಳರ ಆಳ್ವಿಕೆ ಇಲ್ಲಿತ್ತು ಅಂತ ಹೇಳುತ್ತವೆ, ಜಿಲ್ಲೆ ಯಾರ ಸ್ವತ್ತು ಅಂತ ಅಲ್ಲ. ಶಾಸನದ ಭಾಷೆಯೇ ಪಹಣಿ ಆಗುವುದಾದರೆ ವಕ್ಕಲೇರಿ ಸಂಸ್ಕೃತದವರ ಪಾಲಾಗಬೇಕಿತ್ತು.

ಮೂಲ ನೋಡೋದು ಕಷ್ಟ ಅನ್ನೋ ನೆಪ ಈಗಿಲ್ಲ. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದ್ದು, 1905ರಲ್ಲಿ ಬಂದದ್ದು. ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಶಾಸನಗಳ ಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ನಿಮ್ಮ ತಾಲ್ಲೂಕಿನ ಪುಟ ತೆಗೆದು ಊರಿನ ಹೆಸರು ಹುಡುಕಿ. ಒಂದು ಸಂಜೆಯ ಕೆಲಸ, ಅಷ್ಟೇ.

ಟೀ ಶರ್ಟಿನ ಮಾತು

ಅಕ್ಕನ ಮಗನ ಎದೆ ಮೇಲಿದ್ದ ‘ಅಜೇಯ’ ಎಲ್ಲಿಂದ ಬಂತು ಅಂತ ಹುಡುಕಿದರೆ ಸಾಮನಗಡ ತಾಮ್ರಪಟಕ್ಕೇ ಹೋಗಿ ನಿಲ್ಲುತ್ತೇವೆ. ಅಲ್ಲಿ ‘ಕರ್ಣಾಟಕ ಬಲ’ ಅಂದರೆ ಚಾಲುಕ್ಯರ ಸೈನ್ಯ. ಕಂಚಿಯ ಒಡೆಯ, ಕೇರಳ, ಚೋಳ, ಪಾಂಡ್ಯ, ಹರ್ಷ ಎಲ್ಲರನ್ನೂ ಮುರಿದ ಸೈನ್ಯ ಅದು, ಬೇರೆಯವರಿಗೆ ಗೆಲ್ಲಲಾಗದ್ದು ಅಂತ ಹೊಗಳಿ, ಅಂಥದ್ದನ್ನು ದಂತಿದುರ್ಗ ಕೆಲವೇ ಆಳುಗಳನ್ನು ಇಟ್ಟುಕೊಂಡು ಗೆದ್ದ ಅಂತ ಬರೆಸಿದ್ದಾನೆ. ಅಂದರೆ ‘ಅಜೇಯ’ ಅಂತ ಕರೆದವನು ಅದನ್ನು ಸೋಲಿಸಿದವನು. ತನ್ನ ಗೆಲುವು ದೊಡ್ಡದಾಗಿ ಕಾಣಲಿ ಅಂತ ಎದುರಾಳಿಯನ್ನು ದೊಡ್ಡದು ಮಾಡಿದ. ಟೀ ಶರ್ಟಿಗೆ ಬರುವಾಗ ‘ಬೇರೆಯವರಿಗೆ’ ಅನ್ನುವ ಒಂದು ಪದ ಬಿದ್ದುಹೋಯಿತು. ಸೋಲಿನ ದಾಖಲೆ ಗೆಲುವಿನ ಘೋಷಣೆ ಆಯಿತು.

ಇನ್ನೂ ಒಂದು ಇದೆ. ಕರ್ಣಾಟಕ ಬಲವನ್ನು ಸೋಲಿಸಿದ ರಾಷ್ಟ್ರಕೂಟರೂ ಇವತ್ತು ನಮ್ಮವರೇ. ‘ಕವಿರಾಜಮಾರ್ಗ’ ಹುಟ್ಟಿದ್ದು ಅವರ ಆಸ್ಥಾನದಲ್ಲಿ. ‘ನಮ್ಮವರು’ ಯಾರು ಅನ್ನೋದನ್ನು 8ನೇ ಶತಮಾನದವರು ತೀರ್ಮಾನ ಮಾಡಲಿಲ್ಲ, ಆಮೇಲೆ ಓದಿದವರು ಮಾಡಿದರು. ಹಾಗೆ ಮಾಡಿದ್ದು ತಪ್ಪಲ್ಲ. ನಾವೇ ಮಾಡಿದ್ದು ಅಂತ ಮರೆತು, ಅದನ್ನು ಹಿಡಿದು ಪಕ್ಕದವರ ಮೇಲೆ ಏರಿ ಹೋಗುವುದು ತಪ್ಪು.

ಇದನ್ನೆಲ್ಲ ಅವತ್ತು ಮದುವೆ ಮನೆಯಲ್ಲಿ ಹೇಳಲು ಆಗಲಿಲ್ಲ, ಎರಡನೇ ಪಂಕ್ತಿಗೆ ಕರೆದರು. ಆಮೇಲೆ ವಾಟ್ಸ್ಯಾಪ್‌ನಲ್ಲಿ ಕೀಲ್‌ಹಾರ್ನ್ ಸಂಪುಟದ ಲಿಂಕ್ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ರಾತ್ರಿ ಮೆಸೇಜ್ ಬಂತು: “ಮಾಮ, ಸುಳ್ಳಿಯೂರು ಈಗ ಎಲ್ಲಿದೆ?”

ನನಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಬೇಕಿರಲಿಲ್ಲ. ಹಾನಗಲ್ ತಾಲ್ಲೂಕಿನ ನಕ್ಷೆ ತೆಗೆದು ಇಬ್ಬರೂ ಹುಡುಕುತ್ತಾ ಇದ್ದೇವೆ.